2 ಮಿ.ಮೀ. ಥರ್ಮಲ್ ಪ್ಯಾಡ್: ಲೆಕ್ಕದಲ್ಲಿ 13 ಡಿಗ್ರಿ, ಪೆಟ್ಟಿಗೆಯಲ್ಲಿ 35 ಡಿಗ್ರಿ. ಎಲ್ಲಿ ತಪ್ಪಾಗ್ತಿದೆ?

ಪಂಪ್_ಕಂಟ್ರೋಲರ್:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನಾವು ಮೂರು ಜನ ಸೇರಿ 3 ಎಚ್.ಪಿ. ಸೋಲಾರ್ ಪಂಪಿಗೆ ಕಂಟ್ರೋಲರ್ ಮಾಡ್ತಾ ಇದೀವಿ. ಹೊಲದಲ್ಲಿ ಧೂಳು ಮಳೆ ಎಲ್ಲಾ ತಡೀಬೇಕು ಅಂತ ಫ್ಯಾನ್ ಇಲ್ಲ, ಪೂರ್ತಿ ಮುಚ್ಚಿರೋ ಅಲ್ಯೂಮಿನಿಯಂ ಎರಕದ ಪೆಟ್ಟಿಗೆ. ಒಳಗೆ ಆರು ಐಜಿಬಿಟಿ (ಮೋಟಾರಿಗೆ ಕರೆಂಟ್ ಬಿಟ್ಟು ತಡೆಯೋ ಪವರ್ ಟ್ರಾನ್ಸಿಸ್ಟರ್), ಟಿಓ-247 ಅನ್ನೋ ಚಪ್ಪಟೆ ಪ್ಯಾಕೇಜು, ಸರ್ಕ್ಯೂಟ್ ಬೋರ್ಡಿನ ಕೆಳಮೈಯಲ್ಲಿ ಬೆನ್ನು ಕೆಳಗೆ ಮಾಡಿ ಮಲಗಿವೆ, ಫುಲ್ ಲೋಡಲ್ಲಿ ಒಂದೊಂದೂ 12 ವ್ಯಾಟ್ ಹತ್ರ ಬಿಸಿ ಬಿಡುತ್ತೆ. ಬೋರ್ಡ್ ಕೆಳಗೇ ಒಂದು ಕರೆಂಟ್ ಸೆನ್ಸರ್ 6 ಮಿ.ಮೀ. ಎತ್ತರ ಇರೋದ್ರಿಂದ ಬೋರ್ಡನ್ನ ಎತ್ತಲೇಬೇಕಾಯ್ತು, ಹಾಗಾಗಿ ಐಜಿಬಿಟಿ ಬೆನ್ನಿಗೂ ಪೆಟ್ಟಿಗೆ ತಳಕ್ಕೂ ನಡುವೆ 2 ಮಿ.ಮೀ. ಸಂದು ಉಳೀತು. ಆ ಸಂದಿಗೆ 2 ಮಿ.ಮೀ. ಥರ್ಮಲ್ ಪ್ಯಾಡ್, ಅಂದ್ರೆ ಬಿಸಿ ದಾಟಿಸೋ ಮೆತ್ತನೆ ರಬ್ಬರ್ ಹಾಳೆ ಹಾಕಿದೀವಿ, ಡೇಟಾಶೀಟಲ್ಲಿ ಉಷ್ಣವಾಹಕತೆ (ಬಿಸಿ ಎಷ್ಟು ಸರಾಗ ಹರಿಯುತ್ತೆ ಅನ್ನೋ ಅಳತೆ, ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) 6 ಅಂತ ಇದೆ.

ಲೆಕ್ಕ ಹೀಗೆ ಹಾಕಿದ್ದು: ದಪ್ಪ 2 ಮಿ.ಮೀ., ತಾಗೋ ಜಾಗ 3 ಚದರ ಸೆಂ.ಮೀ., ವಾಹಕತೆ 6, ಅಂದ್ರೆ ಒಂದು ವ್ಯಾಟಿಗೆ 1.1 ಡಿಗ್ರಿ, 12 ವ್ಯಾಟಿಗೆ 13 ಡಿಗ್ರಿ ವ್ಯತ್ಯಾಸ. ಥರ್ಮೋಕಪಲ್ (ಉಷ್ಣತೆ ಅಳೆಯೋ ತಂತಿ) ಅಂಟಿಸಿ ನೋಡಿದ್ರೆ 35 ಡಿಗ್ರಿ! ಮೂರು ಪೀಸಲ್ಲೂ ಹೆಚ್ಚುಕಮ್ಮಿ ಅದೇ. ಹೊರಗೆ 42 ಡಿಗ್ರಿ ಇದ್ದಾಗ ಪೆಟ್ಟಿಗೆ 68 ಆಗುತ್ತೆ, ಅದರ ಮೇಲೆ ಈ 35 ಸೇರಿ 103, ನಾವು 100ಕ್ಕೆ ಟ್ರಿಪ್ ಇಟ್ಟಿದೀವಿ. ಮಧ್ಯಾಹ್ನ 12ರಿಂದ 3ರ ತನಕ, ರೈತರಿಗೆ ನೀರು ಚೆನ್ನಾಗಿ ಬರಬೇಕಾದ ಹೊತ್ತಲ್ಲೇ ಪಂಪು ನಿಂತ್ಕೊಳ್ಳುತ್ತೆ. ಈಗ 12 ವಾಹಕತೆಯ ಪ್ಯಾಡ್ ತರಿಸೋಣ ಅಂತ ಒಬ್ರು ಹೇಳ್ತಾರೆ, ಬೆಲೆ ನಾಲ್ಕು ಪಟ್ಟು. ತರಿಸಬೇಕಾ?

ಎಸ್ಪಿರೋಡ್_ರಿಪೇರಿ:
ತರಿಸಿ ಗುರು. ಸಸ್ತಾ ಪ್ಯಾಡಲ್ಲಿ 6 ಅಂತ ಬರೆದಿದ್ರೆ ನಿಜವಾಗ್ಲೂ 2 ಇರುತ್ತೆ. ಗ್ರಾಫಿಕ್ಸ್ ಕಾರ್ಡ್ ರಿಪೇರಿಲಿ ದಿನಾ ನೋಡ್ತೀನಿ.

ಡೇಟಾಶೀಟ್_ಓದುಗ:
ತರಿಸೋಕೆ ಮುಂಚೆ ಒಂದು ಪ್ರಶ್ನೆ. ಸಂದು 2, ಪ್ಯಾಡೂ 2. ಅಂದ್ರೆ ಪ್ಯಾಡ್ ಒತ್ತಿಕೊಳ್ತಾನೇ ಇಲ್ಲ, ಸುಮ್ನೆ ತಾಗಿಕೊಂಡು ಕೂತಿದೆ. ಪ್ಯಾಡ್ ಯಾವಾಗಲೂ ಸಂದಿಗಿಂತ ದಪ್ಪ ಇರಬೇಕು, ಮುಚ್ಚಿದಾಗ ಕಡಿಮೆ ಅಂದ್ರೂ ನೂರಕ್ಕೆ 20 ಭಾಗ ಒತ್ತಬೇಕು. 2 ಮಿ.ಮೀ. ಸಂದಿಗೆ 2.5 ಮಿ.ಮೀ. ಪ್ಯಾಡು. ಎರಕದ ಲೋಹದ ಮೈ ನೋಡೋಕೆ ನುಣ್ಣಗೆ ಕಂಡ್ರೂ ಅದರ ತುಂಬ ಗುಂಡಿಗಳೇ, ಒತ್ತಡ ಇಲ್ಲ ಅಂದ್ರೆ ಆ ಗುಂಡೀಲೆಲ್ಲ ಗಾಳಿ ಉಳಿಯುತ್ತೆ. ಗಾಳಿಯ ವಾಹಕತೆ 0.026. ನಿಮ್ಮ ಪ್ಯಾಡ್ ಡೇಟಾಶೀಟಲ್ಲಿ ಹೇಳಿದಷ್ಟೇ ಇದೆ ಅಂದ್ಕೊಂಡ್ರೂ ಗಾಳಿ ಅದಕ್ಕಿಂತ ಇನ್ನೂರು ಪಟ್ಟು ಕೆಟ್ಟದ್ದು. ಒಂದು ಕೂದಲೆಳೆ ದಪ್ಪದ ಗಾಳಿ ಪದರ ಸಾಕು, ದುಡ್ಡು ಕೊಟ್ಟು ತಂದ ಪ್ಯಾಡೆಲ್ಲ ವ್ಯರ್ಥ.

ಪಂಪ್_ಕಂಟ್ರೋಲರ್:
ಅಯ್ಯೋ, ಹೌದಲ್ವಾ. ಸಂದು ಎಷ್ಟೋ ಪ್ಯಾಡ್ ಅಷ್ಟೇ ಅಂತ ತರಿಸಿಬಿಟ್ವಿ. ಬೋರ್ಡನ್ನ ಬಿಗಿದಾಗ ಸ್ವಲ್ಪ ಅದುಮಿದ ಹಾಗೆ ಕೈಗೆ ಅನ್ನಿಸ್ತಿತ್ತು.

ಡೇಟಾಶೀಟ್_ಓದುಗ:
ಮೂಲೆ ಸ್ಕ್ರೂ ಹತ್ರ ಅನ್ನಿಸುತ್ತೆ, ನಡುವೆ ಅಲ್ಲ. ಬೋರ್ಡ್ ಎಷ್ಟು ಉದ್ದ? 150 ಮಿ.ಮೀ. ಅಂದ್ಕೊಳ್ಳಿ, 0.75 ಶೇಕಡಾ ಬಾಗು ಇದ್ರೂ ಸ್ಟ್ಯಾಂಡರ್ಡ್ ಪ್ರಕಾರ ಬೋರ್ಡ್ ಪಾಸು, ಅಂದ್ರೆ 1.1 ಮಿ.ಮೀ. ತನಕ ಬಾಗಿದ ಬೋರ್ಡ್ ಬಂದ್ರೂ ನೀವು ವಾಪಸ್ ಕಳಿಸೋ ಹಾಗಿಲ್ಲ. ನಿಮ್ಮ ಸಂದು 2 ಅಲ್ಲವೇ ಅಲ್ಲ. ಒಂದು ಕಡೆ 1.7 ಇರುತ್ತೆ, ಇನ್ನೊಂದು ಕಡೆ 2.6. ಪ್ಯಾಡ್ ಆರಿಸೋದು ಆ ಕೆಟ್ಟ ಮೂಲೆಗೆ ಲೆಕ್ಕ ಹಾಕಿ.

ಹಳೇ_ಆಂಪ್ಲಿಫೈಯರ್:
ನಮ್ಮ ಕಾಲದಲ್ಲಿ ಈ ಪ್ಯಾಡೂ ಇರಲಿಲ್ಲ ಗೀಡೂ ಇರಲಿಲ್ಲ. 2ಎನ್3055 ಟ್ರಾನ್ಸಿಸ್ಟರ್, ಕೆಳಗೆ ಕಾಗೆಬಂಗಾರದ ತೆಳು ಹಾಳೆ, ಎರಡೂ ಕಡೆ ಬಿಳಿ ಪೇಸ್ಟು, ನಟ್ಟು ಬೋಲ್ಟು ಬಿಗಿದ್ರೆ ಮುಗೀತು. ಗಣೇಶನ ಹಬ್ಬದ ಪೆಂಡಾಲಲ್ಲಿ ರಾತ್ರಿಯೆಲ್ಲ ಆರ್ಕೆಸ್ಟ್ರಾ ನಡೆದ್ರೂ ಆಂಪ್ಲಿಫೈಯರ್ ಕೈಗೆ ಬೆಚ್ಚಗೆ ಇರ್ತಿತ್ತು ಅಷ್ಟೆ.

ಐದನೇ_ಸೆಮ್:
ಸರ್ ಕಾಗೆಬಂಗಾರ ಅಂದ್ರೆ ಮೈಕಾ ತಾನೆ? ಅದರ ವಾಹಕತೆ 1ಕ್ಕಿಂತ ಕಡಿಮೆ ಅಂತ ಓದಿದ್ದೆ. 6ರ ಪ್ಯಾಡಿಗಿಂತ ಅದು ಹೇಗೆ ಚೆನ್ನಾಗಿರೋಕೆ ಸಾಧ್ಯ?

ಡೇಟಾಶೀಟ್_ಓದುಗ:
ನೀವೇ ಲೆಕ್ಕ ಹಾಕಿ ನೋಡಿ. ಮೈಕಾ 0.07 ಮಿ.ಮೀ. ದಪ್ಪ, ವಾಹಕತೆ 0.6 ಅಂತ ಹಿಡೀರಿ, ಜಾಗ ಅದೇ 3 ಚದರ ಸೆಂ.ಮೀ. ವ್ಯಾಟಿಗೆ 0.4 ಡಿಗ್ರಿ ಬರುತ್ತೆ. ಹತ್ತು ಪಟ್ಟು ಕೆಟ್ಟ ವಸ್ತು, ಆದ್ರೆ ಇಪ್ಪತ್ತೆಂಟು ಪಟ್ಟು ತೆಳು. ಪೇಸ್ಟಿಂದು ಸ್ವಲ್ಪ ಸೇರಿಸಿದ್ರೂ 2 ಮಿ.ಮೀ. ಪ್ಯಾಡಿಗಿಂತ ಅದೇ ಮೇಲು. ಎಲ್ರೂ ಪ್ಯಾಡಿನ ಪ್ಯಾಕೆಟ್ ಮೇಲಿರೋ ನಂಬರ್ ನೋಡ್ತಾರೆ, ದಪ್ಪದ ಬಗ್ಗೆ ಯೋಚ್ನೆ ಮಾಡಲ್ಲ, ಇದು ನನಗೆ ನಿಜವಾಗ್ಲೂ ಬೇಜಾರು. ದಪ್ಪ ಅರ್ಧ ಮಾಡಿದ್ರೆ ವಾಹಕತೆ ಎರಡು ಪಟ್ಟು ಮಾಡಿದಷ್ಟೇ ಲಾಭ, ಅದೂ ಪುಕ್ಕಟೆ.

ಎಸ್ಪಿರೋಡ್_ರಿಪೇರಿ:
ಆದ್ರೆ ಅವ್ರ ಸಂದು 2 ಇದೆಯಲ್ಲಾ, ತೆಳು ಹಾಕಿದ್ರೆ ತಾಗೋದೇ ಇಲ್ಲ. ಸಂದನ್ನ ಏನು ಮಾಡೋದು?

ಕುಡ್ಲದ_ಬೆಸುಗೆ:
ಸಂದನ್ನು ತುಂಬ್ಸುದು ಮಾರಾಯ್ರೆ, ಅಲ್ಯೂಮಿನಿಯಂನಿಂದ! 1.6 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಒಂದು ಪೆಟ್ಟಿಗೆ ತಳಕ್ಕೆ ಸ್ಕ್ರೂ ಮಾಡಿ ಕೂರಿಸಿ, ಅದರ ಮೇಲೆ 0.5 ಪ್ಯಾಡ್ ಇಡಿ, ಮುಚ್ಚಿದಾಗ 0.4ಕ್ಕೆ ಒತ್ತಿಕೊಳ್ತದೆ. ಅಲ್ಯೂಮಿನಿಯಂ ವಾಹಕತೆ 200 ಉಂಟು, 12 ವ್ಯಾಟಿಗೆ ಆ ಪಟ್ಟಿ ತಿನ್ನುದು 0.3 ಡಿಗ್ರಿ ಮಾತ್ರ. ಮುಂದಿನ ಸಲ ಎರಕದ ಅಚ್ಚು ಮಾಡಿಸುವಾಗ ಅದನ್ನೇ ಒಂದು ಕಟ್ಟೆಯ ಹಾಗೆ ತಳದಲ್ಲೇ ಎಬ್ಬಿಸಿಬಿಡಿ, ಮೇಲ್ಮೈ ಮಿಲ್ಲಿಂಗ್ ಮಾಡಿಸಿ. ಕರೆಂಟ್ ಸೆನ್ಸರ್ ಪಾಪ ಅದರ ಜಾಗದಲ್ಲಿ ಇರ್ತದೆ, ಅದಕ್ಕೋಸ್ಕರ ಆರು ಐಜಿಬಿಟಿಗೂ ಶಿಕ್ಷೆ ಯಾಕೆ?

ಡೇಟಾಶೀಟ್_ಓದುಗ:
ಇದೇ ಸರಿ ದಾರಿ. ಆದ್ರೆ ಪಟ್ಟಿ ಕೆಳಗೂ ಒಂದು ಜೋಡಣೆ ಬಂತು, ಅಲ್ಲೂ ಗಾಳಿ ಇರುತ್ತೆ, ಪೇಸ್ಟ್ ಹಚ್ಚಲೇಬೇಕು. 0.3 ಅಂತ ಹೇಳಿದ್ದು ಲೋಹದ್ದು ಮಾತ್ರ, ಜೋಡಣೆಗೆ ಇನ್ನೊಂದೆರಡು ಡಿಗ್ರಿ ಇಟ್ಕೊಳ್ಳಿ.

ಕುಡ್ಲದ_ಬೆಸುಗೆ:
ಒಪ್ಪಿದೆ.

ಗ್ರಾಫೀನ್_ಪ್ರೇಮಿ:
ಇಷ್ಟೆಲ್ಲ ಯಾಕೆ, ಗ್ರಾಫೈಟ್ ಶೀಟ್ ಹಾಕಿ. ಫೋನಲ್ಲೆಲ್ಲ ಅದೇ ಇರೋದು. ವಾಹಕತೆ 1500ರ ಮೇಲೆ.

ಶೀಟ್_ಮೇಕರ್_ಪೀಣ್ಯ:
ದಯವಿಟ್ಟು ಬೇಡ! ಎರಡು ಕಾರಣ. ಆ 1500 ಹಾಳೆಯ ಉದ್ದಕ್ಕೆ, ಅಡ್ಡಕ್ಕೆ. ಅಂದ್ರೆ ಬಿಸಿಯನ್ನ ಪಕ್ಕಕ್ಕೆ ಹರಡೋಕೆ. ಮೇಲಿಂದ ಕೆಳಕ್ಕೆ ಅದರ ನೂರರಲ್ಲಿ ಒಂದು ಪಾಲೂ ಕಷ್ಟ. ಫೋನಲ್ಲಿ ಪ್ರೊಸೆಸರ್ ಬಿಸಿಯನ್ನ ಹಿಂಬದಿ ಪೂರ್ತಿ ಹರಡಬೇಕು, ಅಲ್ಲಿಗೆ ಅದು ಸರಿ. ಎರಡನೇದು ಇನ್ನೂ ಮುಖ್ಯ, ಗ್ರಾಫೈಟ್ ವಿದ್ಯುತ್ತನ್ನೂ ಹರಿಸುತ್ತೆ. ಇಲ್ಲಿ ಡಿ.ಸಿ. ಎಷ್ಟಿದೆ?

ಪಂಪ್_ಕಂಟ್ರೋಲರ್:
350 ವೋಲ್ಟ್ ಆಸುಪಾಸು. ಐಜಿಬಿಟಿ ಬೆನ್ನೇ ಕಲೆಕ್ಟರ್, ಅಂದ್ರೆ ಆ ವೋಲ್ಟೇಜ್ ಬರೋ ತುದಿ.

ಶೀಟ್_ಮೇಕರ್_ಪೀಣ್ಯ:
ಅಂದ್ರೆ ಪೆಟ್ಟಿಗೆ ಮೈಗೇ 350 ವೋಲ್ಟ್ ಕೊಟ್ಟ ಹಾಗೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅದನ್ನ ಮುಟ್ಟೋ ರೈತರನ್ನ ನೆನೆಸ್ಕೊಳ್ಳಿ. ನಿಮಗೆ ಬೇಕಿರೋದು ಬಿಸಿ ಬಿಡೋ, ಕರೆಂಟ್ ಬಿಡದ ಶೀಟು. 0.5ಕ್ಕೆ ಇಳಿದ್ರೆ ಗಾಜಿನ ಬಟ್ಟೆ ಒಳಗೆ ಕೂತಿರೋ ಪ್ಯಾಡ್ ತಗೊಳ್ಳಿ, ಎರಕದ ಮೈಯಲ್ಲಿ ಒಂದು ಚೂಪು ಮುಳ್ಳು ಉಳಿದಿದ್ರೂ ಬರೀ ಸಿಲಿಕೋನ್ ಪ್ಯಾಡ್ ತೂತಾಗುತ್ತೆ, ಬಟ್ಟೆ ಇದ್ದದ್ದು ತಡಕೊಳ್ಳುತ್ತೆ. ಐಜಿಬಿಟಿ ಅಂಚಿಂದ ಪ್ಯಾಡ್ ಎಲ್ಲಾ ಕಡೆ 3-4 ಮಿ.ಮೀ. ಹೊರಗೆ ಚಾಚಿರಲಿ, ಅಲ್ಯೂಮಿನಿಯಂ ಪಟ್ಟಿಯನ್ನ ಐಜಿಬಿಟಿ ಕಾಲುಗಳ ಕೆಳಗೆ ಒಯ್ಯಬೇಡಿ, ಅಲ್ಲಿ ಅಂತರ ಕಮ್ಮಿ ಆಗುತ್ತೆ. ಕೊನೆಗೆ ಪ್ರತಿ ಪೆಟ್ಟಿಗೆಗೂ ಹೈ ವೋಲ್ಟೇಜ್ ಟೆಸ್ಟ್, ಒಂದನ್ನೂ ಬಿಡದೆ.

ಐದನೇ_ಸೆಮ್:
ಒಂದು ಬೇಸಿಕ್ ಡೌಟು. ಕರೆಂಟ್ ಬಿಡದೇ ಬಿಸಿ ಮಾತ್ರ ಹೇಗೆ ಬಿಡುತ್ತೆ? ತಾಮ್ರ ಎರಡನ್ನೂ ಬಿಡುತ್ತೆ, ಪ್ಲಾಸ್ಟಿಕ್ ಎರಡನ್ನೂ ಬಿಡಲ್ಲ, ನಮಗೆ ಹಾಗೇ ಹೇಳಿಕೊಟ್ಟಿದ್ದು.

ನಿರ್ವಾತ:
ಒಳ್ಳೇ ಪ್ರಶ್ನೆ. ಲೋಹದಲ್ಲಿ ಬಿಸಿಯನ್ನ ಹೊರೋದು ಹೆಚ್ಚಾಗಿ ಅಲೆಮಾರಿ ಎಲೆಕ್ಟ್ರಾನುಗಳು, ಕರೆಂಟನ್ನ ಹೊರೋದೂ ಅವೇ, ಅದಕ್ಕೇ ಎರಡೂ ಜೊತೆಜೊತೆ. ಆದ್ರೆ ಬಿಸಿ ಹೋಗೋಕೆ ಇನ್ನೊಂದು ದಾರಿ ಇದೆ, ಹರಳಿನ ಅಣುಗಳ ಅಲುಗಾಟ. ಸಾಲಾಗಿ ಕೈ ಹಿಡಿದು ನಿಂತವರಲ್ಲಿ ಈ ತುದಿಯವರು ಜಗ್ಗಿದ್ರೆ ಆ ತುದಿಯವರಿಗೂ ಗೊತ್ತಾಗುತ್ತಲ್ಲ, ಯಾರೂ ಜಾಗ ಬಿಟ್ಟು ಕದಲಲ್ಲ. ಅಣುಗಳು ಹಗುರ ಇದ್ದು ಹಿಡಿತ ಗಟ್ಟಿ ಇದ್ದಷ್ಟೂ ಜಗ್ಗಾಟ ಬೇಗ ಹೋಗುತ್ತೆ. ವಜ್ರ ಅದಕ್ಕೆ ಮೇಲಿನ ಉದಾಹರಣೆ, ಒಳ್ಳೇ ವಜ್ರದ ವಾಹಕತೆ 2000 ಹತ್ರ, ತಾಮ್ರ ಬರೀ 400, ಆದ್ರೂ ವಜ್ರ ಕರೆಂಟ್ ಬಿಡಲ್ಲ. ನಮ್ಮ ಬೆಂಗಳೂರಲ್ಲೇ ಸಿ.ವಿ. ರಾಮನ್ ವರ್ಷಗಟ್ಟಲೆ ವಜ್ರದ ಹರಳುಗಳ ಈ ಅಲುಗಾಟವನ್ನೇ ಬೆನ್ನು ಹತ್ತಿದ್ರು. ಪ್ಯಾಡಿನೊಳಗೆ ಇರೋ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ ಅದೇ ಜಾತಿ, ಅಗ್ಗದ್ದು, ವಾಹಕತೆ 30 ಹತ್ರ.

ಐದನೇ_ಸೆಮ್:
ಹಾಗಾದ್ರೆ 30ರ ಪುಡಿ ತುಂಬಿದ್ರೆ ಪ್ಯಾಡ್ ಯಾಕೆ 3, 4 ಅಷ್ಟೇ ಬರುತ್ತೆ?

ಶೀಟ್_ಮೇಕರ್_ಪೀಣ್ಯ:
ಇದಕ್ಕೆ ನಾನೇ ಉತ್ತರ ಕೊಡ್ಬೇಕು, ಹನ್ನೊಂದು ವರ್ಷದಿಂದ ಇದೇ ಕೆಲಸ. ಪುಡಿ ಕಣಗಳ ನಡುವೆ ಇರೋದು ಸಿಲಿಕೋನ್ ರಬ್ಬರು, ಅದರದ್ದು 0.2. ಬಿಸಿ ಒಂದು ಕಣದಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ಪ್ರತಿ ಸಲ ಈ ರಬ್ಬರಿನ ಹೊಳೆ ದಾಟಬೇಕು. ಮ್ಯಾಕ್ಸ್‌ವೆಲ್ ಸೂತ್ರ ಅಂತ ಒಂದಿದೆ, ಅದರ ಪ್ರಕಾರ ನೂರಕ್ಕೆ 60 ಭಾಗ ಪುಡಿ ತುಂಬಿ, ಆ ಪುಡಿ ಎಷ್ಟೇ ದೊಡ್ಡ ವಾಹಕ ಆಗಿರಲಿ, ವಜ್ರವೇ ಆಗಿರಲಿ, ಶೀಟು 1.1 ದಾಟಲ್ಲ. ಕಣಗಳು ಒಂದಕ್ಕೊಂದು ಹತ್ರ ಬಂದಾಗ ಆ ಸೂತ್ರ ಕಮ್ಮಿ ತೋರಿಸುತ್ತೆ, ನಿಜವಾದ ಶೀಟು ಅದಕ್ಕಿಂತ ಚೆನ್ನಾಗಿ ಬರುತ್ತೆ, ಆದ್ರೂ ಪಾಠ ಅದೇ. ಮೊದಲು ರಬ್ಬರ್ ಪಾಲು ಕಮ್ಮಿ ಮಾಡಿ, ಆಮೇಲೆ ಪುಡಿ ಯಾವುದು ಅಂತ ಕೇಳಿ.

ಕಮ್ಮಿ ಮಾಡೋದು ಹೇಗೆ ಅಂದ್ರೆ ಕಾಂಕ್ರೀಟ್ ಕಲಸೋ ಮೇಸ್ತ್ರಿ ಮಾಡೋ ಹಾಗೇ. ಬರೀ ದಪ್ಪ ಜಲ್ಲಿ ಹಾಕಿದ್ರೆ ನಡುವೆ ಖಾಲಿ ಜಾಗ, ಅದಕ್ಕೆ ಸಣ್ಣ ಜಲ್ಲಿ, ಅದರ ನಡುವೆ ಮರಳು. ನಾವು 50 ಮೈಕ್ರಾನ್ ಗುಂಡು ಅಲ್ಯೂಮಿನಾ, ಜೊತೆಗೆ 5 ಮೈಕ್ರಾನು, ಜೊತೆಗೆ ಅರ್ಧ ಮೈಕ್ರಾನು ಸೇರಿಸ್ತೀವಿ. ಗುಂಡಗೇ ಇರಬೇಕು, ಮುರುಕಲು ಪುಡಿ ಹಾಕಿದ್ರೆ ಹಿಟ್ಟು ಗಟ್ಟಿಯಾಗಿ ಮಿಕ್ಸರ್ ತಿರುಗೋದೇ ಇಲ್ಲ. ಹಾಗಂತ ಎಲ್ಲಾ ಸಣ್ಣ ಪುಡಿ ಹಾಕಿದ್ರೂ ಕೆಡುತ್ತೆ, ಕಣ ಸಣ್ಣದಾದಷ್ಟೂ ದಾಟಬೇಕಾದ ಅಂಚುಗಳು ಜಾಸ್ತಿ. ಕಲಸಿದ ಮೇಲೆ ವ್ಯಾಕ್ಯೂಮಲ್ಲಿ ಇಟ್ಟು ಗುಳ್ಳೆ ತೆಗೀಬೇಕು, ಎರಡು ಪ್ಲಾಸ್ಟಿಕ್ ಹಾಳೆ ನಡುವೆ ರೋಲರಲ್ಲಿ ಲಟ್ಟಿಸಿ, ಓವನಲ್ಲಿ ಬೇಯಿಸಬೇಕು.

ಪುಡಿ ಜಾಸ್ತಿ ಆದಷ್ಟೂ ಶೀಟು ಗಟ್ಟಿ ಆಗುತ್ತೆ, ಗಟ್ಟಿ ಆದ್ರೆ ಗುಂಡಿಗಳೊಳಗೆ ಇಳಿಯಲ್ಲ, ಬೋರ್ಡ್ ಬಗ್ಗಿಸುತ್ತೆ. ಈ ಎಳೆದಾಟದಲ್ಲೇ ನಮ್ಮ ಜೀವನ ಹೋಗ್ತಿದೆ. ಅದಕ್ಕೇ ಕೇಳ್ತಿದೀನಿ, 12ರ ಪ್ಯಾಡ್ ತರಿಸೋ ಮುಂಚೆ ಅದರ ಗಡಸುತನ ಎಷ್ಟು ಅಂತ ನೋಡಿದೀರಾ? ನೀವು ಒತ್ತಡವೇ ಕೊಡದ ಜಾಗದಲ್ಲಿ ಗಟ್ಟಿ 12ಕ್ಕಿಂತ ಮೆತ್ತಗಿನ 3 ಚೆನ್ನಾಗಿ ಕೆಲಸ ಮಾಡಬಹುದು.

ಐದನೇ_ಸೆಮ್:
ಬೋರಾನ್ ನೈಟ್ರೈಡ್ ಹಾಕಿದ್ರೆ? ಅದು ಕರೆಂಟೂ ಬಿಡಲ್ಲ, ವಾಹಕತೆ ನೂರಾರು ಅಂತಾರೆ.

ಶೀಟ್_ಮೇಕರ್_ಪೀಣ್ಯ:
ಅದು ಅವಲಕ್ಕಿ ಥರ ಚಪ್ಪಟೆ ಕಣ. ಲಟ್ಟಿಸಿದಾಗ ಎಲ್ಲಾ ಅಡ್ಡ ಮಲಗಿಬಿಡುತ್ತೆ. ಚಪ್ಪಟೆ ಉದ್ದಕ್ಕೆ ಬಿಸಿ ಓಡುತ್ತೆ, ನಮಗೆ ಬೇಕಿರೋ ಮೇಲೆ-ಕೆಳಗಿನ ದಿಕ್ಕಿಗೆ ಓಡಲ್ಲ. ಮೊದಮೊದಲು ನಾನೂ ಅದರಲ್ಲಿ ಕೈ ಸುಟ್ಟುಕೊಂಡೆ, ದುಬಾರಿ ಪುಡಿ ಹಾಕಿ ಅಲ್ಯೂಮಿನಾ ಶೀಟಿಗಿಂತ ಕೆಟ್ಟ ನಂಬರ್ ಬಂತು.

ಕುಡ್ಲದ_ಬೆಸುಗೆ:
ಅದಕ್ಕೆ ಪತ್ರೊಡೆ ಉಪಾಯ ಉಂಟಲ್ಲ! ತೆಳು ಶೀಟುಗಳನ್ನು ಒಂದರ ಮೇಲೆ ಒಂದು ಪೇರಿಸಿ ದಪ್ಪ ಗಟ್ಟಿ ಮಾಡಿ, ಬೇಯಿಸಿ, ಆಮೇಲೆ ಪತ್ರೊಡೆ ಕೊಯ್ದ ಹಾಗೆ ಅಡ್ಡಕ್ಕೆ ಬಿಲ್ಲೆ ಕೊಯ್ಯುದು. ಮಲಗಿದ ಕಣ ಎಲ್ಲ ಈಗ ಎದ್ದು ನಿಂತಿರ್ತದೆ. ದೊಡ್ಡ ನಂಬರಿನ ಪ್ಯಾಡ್‌ಗಳಲ್ಲಿ ಗ್ರಾಫೈಟ್, ಕಾರ್ಬನ್ ಫೈಬರ್ ಎಲ್ಲ ಹೀಗೇ ನಿಲ್ಲಿಸುದು.

ಶೀಟ್_ಮೇಕರ್_ಪೀಣ್ಯ:
ಪತ್ರೊಡೆ! ಹದಿನೈದು ನಿಮಿಷ ಗಿರಾಕಿಗಳಿಗೆ ವಿವರಿಸ್ತಿದ್ದೆ, ಇನ್ಮೇಲೆ ಈ ಒಂದು ಮಾತು ಸಾಕು. ನುಣ್ಣಗೆ ಕೊಯ್ಯೋದೇ ಕಷ್ಟ, ಅದಕ್ಕೇ ಆ ಬೆಲೆ.

ಮಲೆನಾಡ_ಮಗಳು:
ಈಗ ಪತ್ರೊಡೆ ನೆನಪು ಮಾಡಿದ್ರಲ್ಲ, ಮಳೆಗಾಲದ ಕೆಸುವಿನೆಲೆ ಇಲ್ಲಿ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಯಾರಾದ್ರೂ ಹೇಳಿ.

ಎಸ್ಪಿರೋಡ್_ರಿಪೇರಿ:
ಗಾಂಧಿ ಬಜಾರಲ್ಲಿ ನೋಡಿ ಅಕ್ಕ.

ದಾರವಾಡ_ಸರ್ಕೀಟ:
ಪೀಣ್ಯದವ್ರ, ಒಂದ್ ಮಾತ್ ಕೇಳ್ತೀನ್ರಿ. ನಾವೂ ಇಲ್ಲೇ ಒಂದ್ ಸಣ್ಣ ರಬ್ಬರ್ ಯುನಿಟ್‌ನ್ಯಾಗ ಇಂಥಾ ಶೀಟ್ ಮಾಡ್ಸಾಕ ಹೋಗಿದ್ವಿ. ಎರಡ್ ಭಾಗದ ಸಿಲಿಕೋನ್ ತಂದು, ಅಲ್ಯೂಮಿನಾ ಕಲಸಿ, ಅವರ ರೋಲರ್‌ನ್ಯಾಗ ಹಾಕಿದ್ವಿ. ಓವನ್‌ನ್ಯಾಗ ಎಷ್ಟ್ ತಾಸ್ ಇಟ್ರೂ ಮ್ಯಾಲಿನ ಪದರ ಜಿಗಟ್ ಜಿಗಟ್ ಉಳೀತ್ರಿ, ಬೆಲ್ಲದ ಪಾಕ ಆದಂಗ. ಮೂರ್ ಸಲ ಮಾಡಿದ್ವಿ, ಮೂರೂ ಸಲ ಹಂಗ. ಸಿಲಿಕೋನ್ ಕೆಟ್ಟೈತಿ ಅಂತ ಮಾರಿದಾವ್ರ ಕೂಡ ಜಗಳಾನೂ ಆತು.

ಶೀಟ್_ಮೇಕರ್_ಪೀಣ್ಯ:
ಆ ರೋಲರಲ್ಲಿ ಮಾಮೂಲಿ ರಬ್ಬರೂ ಅರೀತಿದ್ರಾ?

ದಾರವಾಡ_ಸರ್ಕೀಟ:
ಹೌದ್ರಿ, ದಿನಾ ಅದನ್ನ ಅರೀತಿದ್ರು.

ಶೀಟ್_ಮೇಕರ್_ಪೀಣ್ಯ:
ಹಾಗಾದ್ರೆ ಸಿಲಿಕೋನ್ ಮಾರಿದವರದ್ದು ತಪ್ಪಿಲ್ಲ. ಮಾಮೂಲಿ ರಬ್ಬರ್ ಗಟ್ಟಿ ಆಗೋದು ಗಂಧಕದಿಂದ. ನಿಮ್ಮ ಸಿಲಿಕೋನ್ ಗಟ್ಟಿ ಆಗೋದು ಪ್ಲಾಟಿನಂ ಕ್ರಿಯಾವರ್ಧಕದಿಂದ. ಗಂಧಕದ ಸೋಂಕು ಚೂರು ತಾಗಿದ್ರೂ ಪ್ಲಾಟಿನಂ ಸತ್ತುಹೋಗುತ್ತೆ, ಅದಕ್ಕೇ ರೋಲರ್ ತಾಗಿದ ಮೇಲ್ಪದರವೇ ಜಿಗುಟಾಗಿದ್ದು. ನಾವು ಕೈಗವಸು ಕೂಡ ಲ್ಯಾಟೆಕ್ಸ್ ಹಾಕಲ್ಲ, ನೈಟ್ರೈಲೂ ಪರೀಕ್ಷೆ ಮಾಡಿದ ಮೇಲೇ ಹಾಕೋದು. ಸಿಲಿಕೋನಿಗೆ ಬೇರೆ ರೋಲರು, ಬೇರೆ ಪಾತ್ರೆ, ಸಾಧ್ಯ ಆದ್ರೆ ಬೇರೆ ಕೋಣೆ.

ದಾರವಾಡ_ಸರ್ಕೀಟ:
ಎರಡ್ ವರ್ಷದಿಂದ ತಲಿಯೊಳಗ ಕೂತಿದ್ದ ಹುಳ ಇವತ್ ಹೊರಗ ಬಂತ್ ನೋಡ್ರಿ. ಆ ಮನಷ್ಯಾಗ ಫೋನ್ ಹಚ್ಚಿ ಮಾತಾಡ್ತೀನಿ, ನಮ್ದ ತಪ್ಪ್ ಇತ್ತು.

ಮ್ಯೂನಿಕ್_ಕನ್ನಡಿಗ:
ನಾವಿಲ್ಲಿ ಕಾರಿನ ಬ್ಯಾಟರಿಗೆ ಶೀಟ್ ಬಿಟ್ಟು ಲಿಕ್ವಿಡ್ ಗ್ಯಾಪ್ ಫಿಲ್ಲರ್ ಬಳಸ್ತೀವಿ, ರೋಬೋಟ್ ಪೇಸ್ಟ್ ಥರ ಸುರಿಯುತ್ತೆ, ಮುಚ್ಚಿದಾಗ ಸಂದು ಎಷ್ಟಿದೆಯೋ ಅಷ್ಟಕ್ಕೇ ಹರಡಿ ಆಮೇಲೆ ಗಟ್ಟಿ ಆಗುತ್ತೆ. ಬೋರ್ಡ್ ಬಾಗಿದ್ರೂ ಚಿಂತೆ ಇಲ್ಲ.

ಡೇಟಾಶೀಟ್_ಓದುಗ:
ಸಾವಿರಾರು ಪೀಸ್ ಮಾಡೋರಿಗೆ ಸರಿ. ಇವರದ್ದು ಸಣ್ಣ ಸಂಖ್ಯೆ, ಜೊತೆಗೆ ಇಲ್ಲಿ ಇನ್ಸುಲೇಷನ್ನಿಗೆ ಕನಿಷ್ಠ ದಪ್ಪ ಖಾತ್ರಿ ಬೇಕು. ಲಿಕ್ವಿಡ್ ಒಂದು ಕಡೆ ಒತ್ತಿ 0.1 ಆಗಿಬಿಟ್ರೆ? ಇವರಿಗೆ ಶೀಟೇ ಕ್ಷೇಮ.

ನಿರ್ವಾತ:
ಸಿಲಿಕೋನ್ ಬಗ್ಗೆ ಇನ್ನೊಂದು ಎಚ್ಚರಿಕೆ. ಬಿಸಿಯಾದಾಗ ಶೀಟಿಂದ ಎಣ್ಣೆ ಜಿನುಗುತ್ತೆ, ಸಣ್ಣ ಸಿಲಾಕ್ಸೇನ್ ಅಣುಗಳು ಆವಿಯಾಗಿ ಬೇರೆ ಕಡೆ ಕೂರುತ್ತೆ. ಮುಚ್ಚಿದ ಪೆಟ್ಟಿಗೇಲಿ ರಿಲೇ ಇದ್ರೆ ಅದರ ಕಾಂಟ್ಯಾಕ್ಟ್ ಮೇಲೆ ಕೂತು, ಕಿಡಿ ಬಿದ್ದಾಗ ಗಾಜಿನಂಥ ಪದರ ಆಗಿ, ಒಂದಿನ ರಿಲೇ ಕೈ ಕೊಡುತ್ತೆ. ಉಪಗ್ರಹದ ಕೆಲಸದಲ್ಲಿ ಇದೇ ದೊಡ್ಡ ತಲೆನೋವು, ಲೆನ್ಸ್ ಮೇಲೆ ಕೂತ್ರೆ ಒರೆಸೋಕೆ ಯಾರೂ ಹೋಗೋಕಾಗಲ್ಲ. ಅಲ್ಲಿ ವಸ್ತುವನ್ನ ನಿರ್ವಾತದಲ್ಲಿ 125 ಡಿಗ್ರಿಗೆ 24 ಗಂಟೆ ಇಟ್ಟು ತೂಕ ನೋಡ್ತಾರೆ, ಕಳ್ಕೊಂಡ ತೂಕ 1 ಶೇಕಡಾ ಮೀರಬಾರದು, ಪಕ್ಕದ ತಣ್ಣನೆ ತಟ್ಟೆ ಮೇಲೆ ಕೂತದ್ದು 0.1 ಶೇಕಡಾ ಮೀರಬಾರದು. ನಿಮಗೆ ಅಷ್ಟು ಬೇಡ, ಆದ್ರೆ ಪೆಟ್ಟಿಗೇಲಿ ರಿಲೇ ಇದ್ರೆ ಪೂರ್ತಿ ಸೀಲ್ ಆದದ್ದು ಹಾಕಿ.

ಪಂಪ್_ಕಂಟ್ರೋಲರ್:
ಒಂದು ರಿಲೇ ಇದೆ, ತೆರೆದದ್ದು. ಬದಲಾಯಿಸ್ತೀವಿ, ಇದು ನಮ್ಮ ತಲೆಗೆ ಬಂದೇ ಇರಲಿಲ್ಲ.

ರಾಯಚೂರ_ಬಿಸಿಲು:
ನಾ ಹೊಲದಾಗ ಪಂಪ್ ಕೂಡ್ಸೋ ಕೆಲ್ಸ ಮಾಡ್ತೀನ್ರಿ. ಒಳಗ ಏನ್ ಹಾಕ್ತೀರೋ ಹಾಕ್ರಿ, ಪೆಟ್ಟಿಗಿ ಎಲ್ಲಿ ಕೂಡಸ್ತಾರ ಅದನ್ನೂ ಹೇಳಿಕೊಡ್ರಿ. ಬಾಳ ಮಂದಿ ಪ್ಯಾನಲ್ ಕಂಬದ ದಕ್ಷಿಣಕ್ಕ, ನೇರ ಬಿಸಿಲಿಗೆ ಹಾಕ್ತಾರ. ಉತ್ತರಕ್ಕ, ಪ್ಯಾನಲ್ ನೆರಳಿನ್ಯಾಗ ಹಾಕಿದ್ರ ಪೆಟ್ಟಿಗಿ ಮುಟ್ಟಾಕ ಬರ್ತೈತಿ. ಮತ್ತ ಪೆಟ್ಟಿಗಿ ಹಿಂದಿನ ಲೋಹದ ರೆಕ್ಕಿ ಉದ್ದಕ್ಕ ನಿಂತಿರ್ಬೇಕ್ರಿ. ಅಡ್ಡ ಹಾಕಿದ್ರ ಗಾಳಿ ಮ್ಯಾಲ ಏರಂಗಿಲ್ಲ, ಮ್ಯಾಲ ಮಣ್ಣು ಕೂತು ಗೂಡು ಕಟ್ಟತೈತಿ. ಪಂಪ್ ನಿಂತಾಗ ರೈತರು ನಮಗ ಫೋನ್ ಮಾಡ್ತಾರ, ನಿಮಗಲ್ಲ.

ಪಂಪ್_ಕಂಟ್ರೋಲರ್:
ಅಣ್ಣ ಇದು ಬಂಗಾರದಂಥ ಮಾತು. ಕೂರಿಸೋ ಚಿತ್ರವನ್ನ ಕನ್ನಡದಲ್ಲೇ ಪೆಟ್ಟಿಗೆ ಮುಚ್ಚಳದ ಮೇಲೆ ಅಚ್ಚು ಹಾಕಿಸ್ತೀವಿ.

ಎಸ್ಪಿರೋಡ್_ರಿಪೇರಿ:
ನಾನು ಇನ್ನೂ ಹೇಳ್ತೀನಿ, ಆ ಪ್ಯಾಡ್ 6 ಇಲ್ಲ.

ಡೇಟಾಶೀಟ್_ಓದುಗ:
ಇರಬಹುದು. ಊಹೆ ಯಾಕೆ, ಅಳೆದುಬಿಡಿ. ಎಎಸ್‌ಟಿಎಂ ಡಿ5470 ಅಂತ ಪದ್ಧತಿ ಇದೆ, ಅದರ ಮೂಲ ವಿಚಾರ ಮನೇಲೂ ಮಾಡಬಹುದು. 15ಕ್ಕೆ 20 ಮಿ.ಮೀ. ಅಲ್ಯೂಮಿನಿಯಂ ತುಂಡು ಎರಡು, ಮೇಲಿನದರಲ್ಲಿ 12 ವ್ಯಾಟ್ ಹೀಟರು, ಕೆಳಗಿನದು ಹೀಟ್‌ಸಿಂಕ್ ಮೇಲೆ, ಎರಡರಲ್ಲೂ ತೂತು ಕೊರೆದು ಥರ್ಮೋಕಪಲ್, ಸುತ್ತ ಥರ್ಮೋಕೋಲ್, ಮೇಲೆ 5 ಕೆ.ಜಿ. ತೂಕ. ಮುಖ್ಯವಾದದ್ದು ಏನಂದ್ರೆ ಒಂದೇ ದಪ್ಪ ಅಳೆದು ನಿಲ್ಲಿಸಬೇಡಿ. ಅದೇ ಕಂಪನಿಯ 1 ಮಿ.ಮೀ. ಮತ್ತು 2 ಮಿ.ಮೀ. ಎರಡನ್ನೂ ಅಳೀರಿ. ಎರಡರ ವ್ಯತ್ಯಾಸ ಅಂದ್ರೆ ಶುದ್ಧ 1 ಮಿ.ಮೀ. ಪ್ಯಾಡಿನ ಗುಣ, ಮೇಲ್ಮೈ ತಾಗೋದ್ರ ನಷ್ಟ ಎರಡರಲ್ಲೂ ಒಂದೇ ಇರೋದ್ರಿಂದ ಕಳೆದುಹೋಗುತ್ತೆ. ಆ ಗೆರೆಯನ್ನ ದಪ್ಪ ಸೊನ್ನೆ ತನಕ ಎಳೆದ್ರೆ ಉಳಿಯೋದೇ ಮೇಲ್ಮೈ ನಷ್ಟ.

ಐದನೇ_ಸೆಮ್:
ಇದನ್ನ ನಮ್ಮ ಮಿನಿ ಪ್ರಾಜೆಕ್ಟ್ ಮಾಡ್ಕೋಬಹುದಾ ಸರ್?

ಡೇಟಾಶೀಟ್_ಓದುಗ:
ಖಂಡಿತ. ಹೀಟರ್ ಆನ್ ಮಾಡಿ ಅರ್ಧ ಗಂಟೆ ಕಾಯಿರಿ, ನಂಬರ್ ನಿಂತ ಮೇಲೇ ಬರ್ಕೊಳ್ಳಿ, ಅವಸರ ಮಾಡಿದ್ರೆ ಎಲ್ಲಾ ತಪ್ಪು ಬರುತ್ತೆ.

ಎಸ್ಪಿರೋಡ್_ರಿಪೇರಿ:
ದಪ್ಪದ ಮಾತು ಬಂತಲ್ಲ, ಒಂದು ಹೇಳ್ತೀನಿ. ಗ್ರಾಫಿಕ್ಸ್ ಕಾರ್ಡಲ್ಲಿ ಮೆಮೊರಿ ಬಿಸಿ ಆಗ್ತಿದೆ ಅಂತ ಒಬ್ರು ತಾವೇ ಪ್ಯಾಡ್ ಬದಲಾಯಿಸಿದ್ರು. 1 ಇದ್ದ ಕಡೆ 1.5 ಹಾಕಿದ್ದಾರೆ, ಗಟ್ಟಿ ಪ್ಯಾಡು. ಮೆಮೊರಿ ತಣ್ಣಗಾಯ್ತು, ಆದ್ರೆ ಪ್ಯಾಡ್ ಇಡೀ ಹೀಟ್‌ಸಿಂಕನ್ನ ಎತ್ತಿ ಹಿಡಿದು ಮುಖ್ಯ ಚಿಪ್ಪಿಗೆ ಅದು ತಾಗ್ತಾನೇ ಇಲ್ಲ. ಎರಡು ನಿಮಿಷಕ್ಕೆ ಆಫ್. ನನ್ನ ಹತ್ರ ಬಂದಾಗ ಮೆತ್ತಗಿನ 1 ಹಾಕಿ ಸರಿ ಮಾಡಿದೆ. ಸರಿಯಾಗಿ ನೋಡಿದ್ರೆ ಇದೂ ಓದುಗರು ಹೇಳಿದ್ದೇ, ಸಂದು ಮೊದಲು, ಪ್ಯಾಡ್ ಆಮೇಲೆ.

ಹಳೇ_ಆಂಪ್ಲಿಫೈಯರ್:
ಒತ್ತಡ ಸಮ ಇದೆಯಾ ಅಂತ ನೋಡೋಕೆ ಪ್ಯಾಡಿನ ಜಾಗಕ್ಕೆ ಕಾರ್ಬನ್ ಪೇಪರ್ ಮತ್ತು ಬಿಳಿ ಹಾಳೆ ಇಟ್ಟು, ಅದರ ಮೇಲೆ ಪ್ಯಾಡ್ ಇಟ್ಟು ಬಿಗಿದು ಬಿಚ್ಚಿ ನೋಡಿ. ಎಲ್ಲಿ ಅಚ್ಚು ಬಿದ್ದಿಲ್ಲವೋ ಅಲ್ಲಿ ಒತ್ತಡ ಇಲ್ಲ. ಇನ್ನೊಂದು, ಟ್ರಾನ್ಸಿಸ್ಟರನ್ನ ಮೊದಲು ಬಿಗಿದು ಆಮೇಲೆ ಬೆಸುಗೆ ಹಾಕಬೇಕು. ಬೆಸುಗೆ ಹಾಕಿದ ಮೇಲೆ ಎಳೆದು ಬಿಗಿದ್ರೆ ಕಾಲುಗಳ ಮೇಲೆ ಎಳೆತ ಉಳಿದು, ಬಿಸಿ-ತಂಪು ಆಗಿ ಆಗಿ ಬೆಸುಗೆ ಬಿರುಕು ಬಿಡುತ್ತೆ.

ಪಂಪ್_ಕಂಟ್ರೋಲರ್:
ಹನ್ನೆರಡು ದಿನ ಆದ್ಮೇಲೆ ಬರ್ತಿದೀನಿ, ಕ್ಷಮಿಸಿ. ಎಲ್ಲಾ ಮಾಡಿ ನೋಡಿದ್ವಿ.

ಮೊದಲು ಅಳತೆ. 5 ಕೆ.ಜಿ. ತೂಕದಲ್ಲಿ 1 ಮಿ.ಮೀ. ಪ್ಯಾಡ್ ವ್ಯಾಟಿಗೆ 0.95 ಡಿಗ್ರಿ, 2 ಮಿ.ಮೀ. ಪ್ಯಾಡ್ 1.7 ಡಿಗ್ರಿ. ವ್ಯತ್ಯಾಸ 0.75, ಅದರಿಂದ ವಾಹಕತೆ 4.4 ಬಂತು. 6 ಅಲ್ಲ, ಎಸ್ಪಿರೋಡ್ ಅಣ್ಣ ಹೇಳಿದ್ದು ನಿಜ. ಆದ್ರೆ ಪೆಟ್ಟಿಗೇಲಿ ಅದೇ 2 ಮಿ.ಮೀ. ಪ್ಯಾಡ್ ವ್ಯಾಟಿಗೆ 2.9 (12 ವ್ಯಾಟಿಗೆ 35 ಡಿಗ್ರಿ) ತೋರಿಸ್ತಿತ್ತಲ್ಲ, ಆ ಮಿಕ್ಕ 1.2 ಪೂರ್ತಿ ಒತ್ತಡ ಇಲ್ಲದ್ದಕ್ಕೆ. ಪ್ಯಾಡಿನ ಸುಳ್ಳಿಗಿಂತ ನಮ್ಮ ಸಂದಿನ ತಪ್ಪೇ ದೊಡ್ಡದು. ಕಾರ್ಬನ್ ಪೇಪರ್ ನೋಡಿ ಗಾಬರಿ ಆಯ್ತು, ನಡುವಿನ ಎರಡು ಐಜಿಬಿಟಿ ಕೆಳಗೆ ಹಾಳೆ ಬೆಳ್ಳಗೇ ಇತ್ತು.

ಆಮೇಲೆ 1.6 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ, ಕೆಳಗೆ ಪೇಸ್ಟು, ಮೇಲೆ ಗಾಜಿನ ಬಟ್ಟೆ ಇರೋ 0.5 ಪ್ಯಾಡು. ಬೋರ್ಡನ್ನ ಕೆಳಕ್ಕೆ ಒತ್ತೋಕೆ ಮೇಲಿಂದ ಗ್ಲಾಸ್ ಎಪಾಕ್ಸಿ ಪಟ್ಟಿ ಒಂದು ಹಾಕಿ ಎರಡು ತುದಿಗೆ ಸ್ಕ್ರೂ. ಈಗ ಐದು ಐಜಿಬಿಟಿಯಲ್ಲಿ 11 ಡಿಗ್ರಿ! 35ರಿಂದ 11. 12 ವಾಹಕತೆಯ ಪ್ಯಾಡ್ ಆರ್ಡರ್ ಮಾಡಲೇ ಇಲ್ಲ. ನಿನ್ನೆ ಮಧ್ಯಾಹ್ನ ಮೂರು ಗಂಟೆ ನಿಲ್ಲದೆ ಓಡ್ತು. ಆದ್ರೆ ನಡುವಿನ ಒಂದು ಐಜಿಬಿಟಿ ಮಾತ್ರ 17ಕ್ಕೆ ನಿಂತಿದೆ, ಅಲ್ಲಿ ಎಪಾಕ್ಸಿ ಪಟ್ಟಿ ಮೇಲಕ್ಕೆ ಬಾಗ್ತಿದೆ ಅನ್ಸುತ್ತೆ.

ಕುಡ್ಲದ_ಬೆಸುಗೆ:
ನಡುವೆ ಒಂದು ಸ್ಕ್ರೂ ಕೊಡಿ ಮಾರಾಯ್ರೆ, ಎಪಾಕ್ಸಿ ಪಟ್ಟಿಯನ್ನೂ ಸ್ವಲ್ಪ ದಪ್ಪ ಮಾಡಿ.

ಶೀಟ್_ಮೇಕರ್_ಪೀಣ್ಯ:
ತುಂಬ ಖುಷಿ ಆಯ್ತು ನೋಡಿ. ಸ್ಕ್ರೂ ಬಿಗಿದು ಒಂದು ದಿನ ಬಿಸಿ ಮಾಡಿ ಮತ್ತೆ ಬಿಗಿತ ನೋಡಿ, ಪ್ಯಾಡ್ ಮೊದಲ ದಿನ ಸ್ವಲ್ಪ ಕುಗ್ಗುತ್ತೆ. ಹೈ ವೋಲ್ಟೇಜ್ ಟೆಸ್ಟ್ ಆಯ್ತಾ?

ಪಂಪ್_ಕಂಟ್ರೋಲರ್:
ಮೂರಕ್ಕೂ ಆಯ್ತು, ಮೂರೂ ಪಾಸು. ಸೋಮವಾರ ನಡು ಸ್ಕ್ರೂ ಹಾಕಿ ಮತ್ತೆ ಕಾರ್ಬನ್ ಪೇಪರ್ ಇಡ್ತೀನಿ, ಅಚ್ಚಿನ ಫೋಟೋ ಇಲ್ಲೇ ಹಾಕ್ತೀನಿ.

ರಾಯಚೂರ_ಬಿಸಿಲು:
ಒಂದ್ ಪೀಸ್ ಇತ್ತಾಗ ಕಳಸ್ರಿ, ಏಪ್ರಿಲ್ ಬಿಸಿಲಿಗೆ ನಾ ಹಚ್ಚಿ ನೋಡ್ತೀನಿ.